ದಾರಿಯ ಮೇಲಿನ ಅವಧಾನ

ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬಯಸುತ್ತೇನೆ. ಒಬ್ಬ ಮನುಷ್ಯನಿದ್ದಾನೆ. ಯಾರಿಗೂ ಕೇಡೆಣಿಸುವ ಭಾವ ಅವನಲ್ಲಿಲ್ಲ. ಅವನು ಮದ್ಯ ಮುಟ್ಟಿದವನಲ್ಲ, ಅತಿವೇಗದ ಚಪಲವೂ ಅವನಿಗಿಲ್ಲ. ಆದರೆ ಮೋಟಾರು ಸೈಕಲ್ಲನ್ನೇರಿ ಹೋಗುವಾಗ ಅರೆಗಳಿಗೆ ಅವನ ಮನಸ್ಸು ಬೇರೆಲ್ಲಿಯೋ ಇತ್ತು. ಅಷ್ಟರಲ್ಲಿಯೇ ಒಂದು ಜೀವಕ್ಕೆ ಅಪಾಯವೊದಗಿತು. ಅವನು ಅಪರಾಧಿಯೆ? ಮಾಡಬಾರದ್ದನ್ನು ಮಾಡಿದವನನ್ನು ತಪ್ಪಿತಸ್ಥನೆನ್ನುವುದು ಸುಲಭ. ಮನಸ್ಸು ಇರಬೇಕಾದಲ್ಲಿ ಇರಲಿಲ್ಲವೆಂಬುದು, ಬರಿಯ ಒಂದು ಇಲ್ಲದಿರುವಿಕೆ, ತಪ್ಪಾಗುವುದು ಹೇಗೆ?

ಇದು ತರ್ಕದ ವಿನೋದಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಕೆಲವು ವರ್ಷಗಳ ಹಿಂದೆ, ಮಾಗಿಯ ಒಂದು ಸಂಜೆ, ತಿಪಟೂರಿನಿಂದ ನಮ್ಮ ಊರಿಗೆ ಹಿಂದಿರುಗುತ್ತಿದ್ದೆ. ಅಂದು ಮಧ್ಯಾಹ್ನ ಜಮೀನಿನ ಪಾಲಿನ ವಿಚಾರವಾಗಿ ನನಗೂ ನಮ್ಮ ಅಣ್ಣನವರಿಗೂ ಮಾತು ಬೆಳೆದಿತ್ತು. ಅಲ್ಲಿ ಆಡಲಾಗದೆ ಉಳಿದ ಉತ್ತರಗಳನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲಿಯೇ ಆಡುತ್ತ ಬರುತ್ತಿದ್ದೆ. (ಅಂಥ ಉತ್ತರಗಳು ಎಷ್ಟು ಚತುರವಾಗಿರುತ್ತವೆಂಬುದನ್ನು ಬಲ್ಲವರೇ ಬಲ್ಲರು.) ನಡುವೆ ಎರಡು ಊರು, ಒಂದು ರೈಲ್ವೆ ಗೇಟು ದಾಟಿ ಬಂದಿದ್ದೆ, ದಾಟಿದ್ದು ಮಾತ್ರ ಇಂದಿಗೂ ನೆನಪಿಲ್ಲ. ತಿರುವಿನಾಚೆ ಟಾರು ರಸ್ತೆಯ ಅರ್ಧಕ್ಕೆ ಹುರುಳಿಯ ಒಕ್ಕಣೆ ಹರಡಿತ್ತು. ಅಂಚಿಗೆ ಗುರುತಿನ ಕಲ್ಲುಗಳನ್ನೂ ಇಟ್ಟಿದ್ದರು. ಗಾಡಿ ನೇರವಾಗಿ ಅದರೊಳಕ್ಕೆ ನುಗ್ಗಿ, ಒಣಗಿದ ಬಳ್ಳಿಯ ಮೇಲೆ ಚಕ್ರ ಜಾರಿ, ನಾನೊಂದು ಕಡೆ ಅದೊಂದು ಕಡೆ ಬಿದ್ದೆವು. ಗಾಡಿ ಉಜ್ಜಿಕೊಂಡು ಹೋಗಿ ನಿಂತ ಸ್ಥಳದಿಂದ ಎರಡು ಮಾರು ದೂರದಲ್ಲಿ ಒಬ್ಬ ವೃದ್ಧೆ ಪೊರಕೆ ಹಿಡಿದು ಕಾಳು ಗುಡಿಸುತ್ತಿದ್ದಳು.

ಆಕೆಯೇ ಬಂದು ನನ್ನನ್ನೆಬ್ಬಿಸಿದಳು. "ಕಣ್ಣಿಗೆ ಬೀಳಲಿಲ್ವೇನಪ್ಪಾ?" ಎಂದಳು. "ಕಂಡಿತಜ್ಜಿ" ಎಂದೆ. ಅದು ಸುಳ್ಳಲ್ಲ. ಕಲ್ಲು, ಬಳ್ಳಿ, ಆಕೆಯ ಸೀರೆಯ ಕೆಂಪು, ಎಲ್ಲವೂ ಕಣ್ಣಿನ ಬಾಗಿಲವರೆಗೆ ಬಂದಿದ್ದವು. ಬರಮಾಡಿಕೊಳ್ಳಬೇಕಾದ ಮನೆಯೊಡೆಯ ಮಾತ್ರ ಮನೆಯಲ್ಲಿರಲಿಲ್ಲ.

ರಸ್ತೆಯ ಮೇಲೆ ಒಕ್ಕಣೆ ಮಾಡಿದ್ದೇ ತಪ್ಪಲ್ಲವೆ ಎನ್ನುವಿರಿ. ತಪ್ಪೇ ಸರಿ. ಕಣ ಬಳಿದು ರೋಣಗಲ್ಲು ಉರುಳಿಸುವ ಬದಲು ಲಾರಿಯ ಗಾಲಿಗಳಿಂದಲೇ ಆ ಕೆಲಸ ಮಾಡಿಸಿಕೊಳ್ಳುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ನಾನೂ ಬಿದ್ದ ದಿನ ಮನೆಯಲ್ಲಿ ಹೀಗೆಯೇ ವಾದಿಸಿದೆ. ಆದರೆ ಅದು ಆ ಅಜ್ಜಿಯ ತಪ್ಪಿನ ಲೆಕ್ಕವಾಯಿತೇ ಹೊರತು ನನ್ನದರ ಲೆಕ್ಕವಾಗಲಿಲ್ಲ.

ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರು ಸಂಗಡಿಗರೊಡನೆ 900 ಮೋಟಾರು ಸೈಕಲ್ ಅಪಘಾತಗಳನ್ನು ಪರಿಶೀಲಿಸಿ 1981ರಲ್ಲಿ ವರದಿಯೊಂದನ್ನು ಹೊರತಂದರು. ಬೇರೊಂದು ವಾಹನದೊಡನೆ ಡಿಕ್ಕಿಯಾದ ಪ್ರಸಂಗಗಳಲ್ಲಿ ಮೂರರಲ್ಲಿ ಎರಡು ಪಾಲು ತಪ್ಪು ಆ ಬೇರೆ ವಾಹನದವನದೇ ಆಗಿತ್ತು. ಮೋಟಾರು ಸೈಕಲ್ಲಿನವನು ಅವನ ಗಮನಕ್ಕೇ ಬಂದಿರಲಿಲ್ಲ! ಇದನ್ನೋದಿ ಸವಾರರು ಸಮಾಧಾನಪಡುವಂತಿಲ್ಲ. ನ್ಯಾಯ ತನ್ನ ಪಕ್ಷದಲ್ಲಿದ್ದವನೇ ಆಸ್ಪತ್ರೆಯಲ್ಲಿ ಮಲಗುತ್ತಾನೆ. ತನ್ನ ತಪ್ಪಿಗೆ ಮಾತ್ರವಲ್ಲ, ಇನ್ನೂ ಆಗದಿರುವ ಪರರ ತಪ್ಪಿಗೂ ಎಚ್ಚರವಾಗಿರಬೇಕೆಂಬುದು ನ್ಯಾಯವೇ ಎಂದು ಕೇಳಿದರೆ, ಅಲ್ಲವೆಂದೇ ಹೇಳಬೇಕು. ಆದರೂ ದಾರಿಯ ಧರ್ಮ ಹಾಗಿದೆ. ಅದೇ ವರದಿಯ ಪ್ರಕಾರ ಅಪಾಯವನ್ನು ತಪ್ಪಿಸಲು ಸವಾರನಿಗೆ ಸಾಮಾನ್ಯವಾಗಿ ದೊರೆಯುವ ಕಾಲ ಎರಡು ಸೆಕೆಂಡಿಗೂ ಕಡಿಮೆ. ಬಹುಪಾಲು ಅಪಘಾತಗಳು ಚಿಕ್ಕಪುಟ್ಟ ಕೆಲಸಕ್ಕೆಂದು ಹೊರಟ ಸಣ್ಣ ಪಯಣಗಳಲ್ಲಿ, ಹೊರಟ ಸ್ಥಳದ ಹತ್ತಿರದಲ್ಲಿಯೇ ನಡೆದಿದ್ದವು. ನಾನು ಬಿದ್ದದ್ದೂ ನೂರಾರು ಸಲ ಓಡಾಡಿದ ದಾರಿಯಲ್ಲಿಯೇ. ಅಪರಿಚಿತ ಘಟ್ಟದ ತಿರುವಿನಲ್ಲಿ ಯಾರು ತಾನೇ ಮೈಮರೆಯುತ್ತಾರೆ!

ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ 15 ಮೀಟರ್ ಮುಂದೆ ಸಾಗುತ್ತಾನೆ. ಎರಡು ಸೆಕೆಂಡು ಮೈಮರೆತರೆ 30 ಮೀಟರ್ ದೂರವನ್ನು ಯಾರೂ ನಡೆಸದ ಗಾಡಿ ಕ್ರಮಿಸಿರುತ್ತದೆ. ಬ್ರೇಕಿನ ಲೆಕ್ಕ ಆಮೇಲಿನದು. ವೇಗ ಇಮ್ಮಡಿಸಿದರೆ ಅದು ಹಿಡಿದು ನಿಲ್ಲಿಸಲು ಬೇಕಾಗುವ ದೂರ ನಾಲ್ಮಡಿಸುತ್ತದೆ.

ಹಾಗಾದರೆ ಎಚ್ಚರವೆಂದರೇನು? ಅದು ಭಯವಲ್ಲ. ಹಳ್ಳವನ್ನೇ ಭಯದಿಂದ ದಿಟ್ಟಿಸಿದವನು ಹಳ್ಳಕ್ಕೇ ಇಳಿಯುತ್ತಾನೆ. ಕಣ್ಣು ನೆಟ್ಟ ಕಡೆಗೇ ಗಾಡಿ ಹರಿಯುವುದನ್ನು ಸವಾರರೆಲ್ಲ ಬಲ್ಲರು. ಎಚ್ಚರವಿದ್ದವನು ಕಂಡದ್ದರಿಂದ ಕಾಣದಿರುವುದನ್ನು ಊಹಿಸುತ್ತಿರುತ್ತಾನೆ. ಮೇಕೆಯೊಂದು ರಸ್ತೆ ದಾಟಿತೆ? ಅದರ ಮರಿ ಇನ್ನೂ ಈಚೆಯಿರಬಹುದು. ನಿಂತ ಬಸ್ಸಿನ ಮುಂಬದಿಯಿಂದ ಒಬ್ಬ ಶಾಲೆಯ ಹುಡುಗ ಓಡಿಬರಬಹುದು. ಮೊದಲ ಮಳೆಯ ಹನಿಗೆ ರಸ್ತೆಯ ಮೇಲಿನ ಧೂಳೂ ಎಣ್ಣೆಯೂ ಬೆರೆತು ಜಾರುಬಂಡೆಯಾಗುತ್ತದೆ. ಮಂಡ್ಯದ ಕಡೆ ಕಬ್ಬಿನ ಕಾಲದಲ್ಲಿ, ರಾತ್ರಿ ಮುಂದೆ ದಟ್ಟವಾಗಿ ಕಾಣುವ ಕತ್ತಲೆ ಬರಿಯ ಕತ್ತಲೆಯಾಗಿರದೆ ಹಿಂದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರಾಗಿರಬಹುದು. ಷಟ್‌ಸ್ಥಲದಲ್ಲಿ ಪ್ರಸಾದಿಯ ಭಕ್ತಿಗೆ ಅವಧಾನಭಕ್ತಿಯೆಂಬ ಹೆಸರಿರುವುದನ್ನು ನೀವು ಬಲ್ಲಿರಿ. ಅಷ್ಟೆತ್ತರದ ಮಾತನ್ನು ಗಾಡಿಯ ಹ್ಯಾಂಡಲ್ಲಿಗೆ ಇಳಿಸಲು ನನಗೆ ಅಳುಕಿದೆ. ಆದರೂ ಎದುರಿಗೆ ಬಂದುದನ್ನು ಮೈಯೆಲ್ಲ ಎಚ್ಚರವಾಗಿ ಸ್ವೀಕರಿಸುವುದಕ್ಕೆ ನಮ್ಮ ನುಡಿಯಲ್ಲಿ ಅದಕ್ಕಿಂತ ಒಳ್ಳೆಯ ಪದ ನನಗೆ ದೊರಕಿಲ್ಲ.

ಮನಸ್ಸು ಚಂಚಲ, ಅದನ್ನು ಕಟ್ಟಿಹಾಕಲು ಯೋಗಿಗಳಿಗೂ ಕಷ್ಟ, ಸಂಸಾರಿಯಿಂದ ಇದನ್ನು ಬಯಸುವುದು ಸಲ್ಲದೆಂದು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ಬಹಳ ದಿನ ಮೆಲುಕು ಹಾಕಿದ್ದೇನೆ. ಕಾನೂನಂತೂ ಅದಕ್ಕೆ ಕಿವಿಗೊಟ್ಟಿಲ್ಲ. ಕೊಲ್ಲುವ ಉದ್ದೇಶವಿಲ್ಲದೆ ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಸಾವು ತಂದವನಿಗೆ ಭಾರತೀಯ ದಂಡ ಸಂಹಿತೆಯ 304ಎ ಕಲಮು ಎರಡು ವರ್ಷದವರೆಗೆ ಸೆರೆಯನ್ನು ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು ಐದು ವರ್ಷಕ್ಕೇರಿಸಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳವರು. ಈ ಸಂಖ್ಯೆಯೊಳಗೆ ಯಾರ ಕೇಡನ್ನೂ ಬಯಸದವರಿಂದ ಆದ ಸಾವುಗಳು ಎಷ್ಟಿಲ್ಲ!

ಕಾನೂನಿನ ಮಾತು ಹಾಗಿರಲಿ. ನನ್ನ ಮಟ್ಟಿಗೆ ಹೇಳುವುದಾದರೆ, ಅಂದು ಮನಸ್ಸು ತಾನಾಗಿ ಓಡಿಹೋಗಿರಲಿಲ್ಲ. ನಾನೇ ಅದನ್ನು ಜಗಳದ ಜಗುಲಿಯ ಮೇಲೆ ಕೂರಿಸಿ ಬಂದಿದ್ದೆ. ಇನ್ನೂ ನಿಜ ಹೇಳಬೇಕೆಂದರೆ, ಆ ಕೋಪವನ್ನು ಸವಿಯುತ್ತಿದ್ದೆ. ಎರಡು ಮೂರು ಸಲ ರಸ್ತೆಯ ಕಡೆಗೆ ಹೊರಳಿದ ಗಮನವನ್ನು, ಮಾತಿನ ನಡುವೆ ಬಂದ ಮಗುವನ್ನು ದೂಡುವಂತೆ, ಆಚೆಗೆ ದೂಡಿದ್ದೂ ಉಂಟು. ಮನಸ್ಸು ಅಲೆಯದಿರಲೆಂದು ಯಾರೂ ಕೇಳುವುದಿಲ್ಲ. ಅಲೆದದ್ದು ತಿಳಿದ ಮೇಲೆ ಕರೆಯುವುದು, ಕರೆದರೂ ಬಾರದಿದ್ದರೆ ವೇಗ ತಗ್ಗಿಸುವುದು, ಅದೂ ಸಾಲದಿದ್ದರೆ ಮರದ ಕೆಳಗೆ ಗಾಡಿ ನಿಲ್ಲಿಸುವುದು, ಇವು ಮೂರೂ ನನ್ನ ಕೈಯಲ್ಲಿದ್ದವು. ನನ್ನ ಬುದ್ಧಿಗೆ ತೋರುವಂತೆ ತಪ್ಪು ಇರುವುದು ಅಲ್ಲಿ. ಆ ಮುದುಕಿ ಎರಡು ಮಾರು ಈಚೆಗೆ ನಿಂತಿದ್ದರೂ, ಆಚೆಗೆ ನಿಂತಿದ್ದರೂ ಅದು ಅಷ್ಟೇ ತೂಕದ್ದು.

ಪಾಲಿನ ವ್ಯಾಜ್ಯ ಇನ್ನೂ ಮುಗಿದಿಲ್ಲ. ಈಗಲೂ ಅಣ್ಣನವರ ಮನೆಯಿಂದ ಹೊರಬಿದ್ದ ಮೇಲೆ ಕೀಲಿ ತಿರುವದೆ, ಕಾಲೂರಿಕೊಂಡು, ಆ ಮಾತುಗಳೆಲ್ಲ ಅಡಗುವವರೆಗೆ ಗಾಡಿಯ ಮೇಲೆ ಸುಮ್ಮನೆ ಕುಳಿತಿರುತ್ತೇನೆ. ಒಮ್ಮೊಮ್ಮೆ ಹತ್ತು ನಿಮಿಷವಾಗುವುದೂ ಉಂಟು. ಮೊನ್ನೆ ಎದುರುಮನೆಯ ಹಿರಿಯರೊಬ್ಬರು ಕನಿಕರದಿಂದ ಹತ್ತಿರ ಬಂದು, "ಪೆಟ್ರೋಲ್ ಮುಗಿದು ಹೋಯ್ತೇನು ಸ್ವಾಮಿ?" ಎಂದು ವಿಚಾರಿಸಿದರು.