ಶಕ್ತಿಯ ಮೇರೆಯೂ ಅನಧ್ಯಾಯವೂ

ಪರಿಶ್ರಮವು ಶ್ಲಾಘ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಶಕ್ತಿಯನ್ನು ಮೀರಿದ ಪರಿಶ್ರಮವೂ ಶ್ಲಾಘ್ಯವೆ? ದೇಹದಲ್ಲಿ ಇನ್ನೂ ಕಸುವಿರುವಾಗಲೇ ಕೆಲಸವನ್ನು ನಿಲ್ಲಿಸುವವನು ಸೋಮಾರಿಯೋ ವಿವೇಕಿಯೋ? ಇದು ಹಗುರವಾದ ಪ್ರಶ್ನೆಯಲ್ಲ. ಮನೆಯ ಭಾರವನ್ನು ಹೊತ್ತವರು, ಊರಿನ ಕಾರ್ಯಕ್ಕೆ ಹೆಗಲು ಕೊಟ್ಟವರು, ರೋಗಿಯ ಶುಶ್ರೂಷೆಯಲ್ಲಿ ನಿಂತವರು, ಇಂಥ ಸಜ್ಜನರೇ ಬಹುಮಟ್ಟಿಗೆ ಈ ಮೇರೆಯನ್ನು ದಾಟಿ ಕುಸಿಯುತ್ತಾರೆ. ಸೋಮಾರಿಗೆ ಆ ಅಪಾಯವೇ ಇಲ್ಲ.

ಚರಕಸಂಹಿತೆಯ ನಿದಾನಸ್ಥಾನದಲ್ಲಿ ದೇಹವನ್ನು ಒಣಗಿಸುವ ಶೋಷವೆಂಬ ವ್ಯಾಧಿಗೆ ನಾಲ್ಕು ಕಾರಣಗಳನ್ನು ಎಣಿಸಿದೆ. ಮೊದಲನೆಯದು ಸಾಹಸ. ಇಂದು ಹೊಗಳಿಕೆಯ ಮಾತಾಗಿರುವ ಈ ಪದಕ್ಕೆ ಅಲ್ಲಿ ಸ್ವಂತ ಬಲವನ್ನು ಮೀರಿದ ಕಾರ್ಯಕ್ಕೆ ಕೈಯಿಕ್ಕುವುದೆಂದೇ ಅರ್ಥ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ವ್ಯಾಯಾಮಕ್ಕೆ ಅರ್ಧಶಕ್ತಿಯ ಮಿತಿಯನ್ನು ವಿಧಿಸಿದನು. ಅದೂ ಬಲಿಷ್ಠರಿಗೆ, ಶೀತಕಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಮೆ. ಈಚೆಗೆ, 2019ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಉದ್ಯೋಗದಿಂದುಂಟಾಗುವ ಇಂಥ ಬಳಲಿಕೆಯನ್ನು, ರೋಗವೆಂದು ಕರೆಯದೆ, ಮೂರು ಲಕ್ಷಣಗಳಿಂದ ಗುರುತಿಸಿತು: ಶಕ್ತಿ ಬತ್ತುವುದು, ಕೆಲಸದಲ್ಲಿ ಮನಸ್ಸು ದೂರವಾಗಿ ಬೇಸರವು ಬೆಳೆಯುವುದು, ಸಾಮರ್ಥ್ಯ ಕುಗ್ಗುವುದು. ಇವುಗಳಲ್ಲಿ ಎರಡನೆಯದೇ ಧರ್ಮವಿಚಾರಕ್ಕೆ ಮುಖ್ಯ. ಪ್ರೀತಿಯಿಂದ ಆರಂಭಿಸಿದ ಸೇವೆಯು ಕಡೆಗೆ ಸೇವಿಸಲ್ಪಡುವವರ ಮೇಲಣ ಸಿಡುಕಾಗಿ ಪರಿಣಮಿಸುವುದಾದರೆ, ಅದರಿಂದ ಯಾರಿಗೆ ಏನು ಲಾಭ?

ಹಾಗಾದರೆ ಮೇರೆಯನ್ನು ಅರಿಯುವುದು ಹೇಗೆ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ತೋಟಗಳನ್ನು ನೋಡಬೇಕು. ಮಳೆಗಾಲದಲ್ಲಿ ಕೊಳೆರೋಗ ತಗಲದಿರಲೆಂದು ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಮರ ಏರಿ ಈ ಮದ್ದನ್ನು ಹೊಡೆಯುವಾಗ ಕಾಂಡವು ನೆನೆದು ಜಾರುತ್ತಿರುತ್ತದೆ. ಮೋಡ ಮತ್ತೆ ಕವಿಯುವುದರೊಳಗೆ ಇನ್ನೊಂದು ಮರ, ಮತ್ತೊಂದು ಮರ ಎಂಬ ಆತುರ ಏರಿದವನಿಗೂ ಉಂಟು, ಕೆಳಗೆ ನಿಂತವನಿಗೂ ಉಂಟು. ಆ ಇನ್ನೊಂದು ಮರಕ್ಕೆ ಬಲವಿದೆಯೇ ಎಂದು ನಿರ್ಣಯಿಸತಕ್ಕದ್ದು ಯಾವುದು? ಆಗಲೇ ದಣಿದಿರುವ ಬುದ್ಧಿ. ಅಳೆಯುವ ಕೋಲೇ ಸವೆದಿರುವಾಗ ಅಳತೆಯು ಸರಿಯಾಗುವುದೆಂತು? ಆದುದರಿಂದ ದಣಿವು ಬಂದ ಮೇಲೆ ಮೇರೆಯನ್ನು ಹುಡುಕುವುದು ವ್ಯರ್ಥ. ಬರುವ ಮೊದಲೇ ಅದನ್ನು ನೆಟ್ಟಿರಬೇಕು.

ಪ್ರಾಚೀನರು ವಿದ್ಯಾಭ್ಯಾಸದಲ್ಲಿ ಹೀಗೆಯೇ ಮಾಡಿದರು. ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯ. ವಿದ್ಯಾರ್ಥಿಗೆ ಆಯಾಸವಾಗಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಉತ್ಸಾಹ ಉಕ್ಕುತ್ತಿದ್ದರೂ ಪುಸ್ತಕವನ್ನು ಕಟ್ಟಿಡತಕ್ಕದ್ದೇ. ಸುಂದರಕಾಂಡದಲ್ಲಿ ವಾಲ್ಮೀಕಿಯು ಕೃಶಳಾದ ಸೀತೆಯನ್ನು ಪ್ರತಿಪತ್ತಿನ ದಿನ ಪಾಠ ಮಾಡುವವನ ವಿದ್ಯೆಗೆ ಹೋಲಿಸಿದ್ದಾನೆ. ಬಿಡುವಿಲ್ಲದೆ ಓದಿದ ವಿದ್ಯೆಯು ಬೆಳೆಯದು, ಬಡವಾಗುವುದು ಎಂಬ ಭಾವವನ್ನು ಅಲ್ಲಿ ಕಾಣಬಹುದು.

“ಕರ್ತವ್ಯಕ್ಕೆ ಅನಧ್ಯಾಯವುಂಟೆ? ತಾನು ಕುಳಿತರೆ ನಡೆಸುವವರಾರು?” ಎಂಬ ಆಕ್ಷೇಪವು ಬರುವುದು ಸಹಜ. ಭಾರವನ್ನು ಹಂಚದವನಿಗೆ ಈ ಆಕ್ಷೇಪವು ಎಂದಿಗೂ ತೀರದು. ಶೃಂಗೇರಿಯ ಪೀಠವನ್ನು 1912ರಲ್ಲಿ ಏರಿದ ಶ್ರೀ ಚಂದ್ರಶೇಖರ ಭಾರತೀ ಸ್ವಾಮಿಗಳು 1931ರಲ್ಲಿ, ತಮಗೆ ನಲವತ್ತು ತುಂಬುವ ಮೊದಲೇ, ಶ್ರೀ ಅಭಿನವ ವಿದ್ಯಾತೀರ್ಥರಿಗೆ ಸಂನ್ಯಾಸವನ್ನಿತ್ತು ಉತ್ತರಾಧಿಕಾರಿಯನ್ನಾಗಿ ಸ್ವೀಕರಿಸಿದರು. ತಾವು 1954ರವರೆಗೆ ಇದ್ದರೂ ಅಂತರ್ಮುಖ ಜೀವನವನ್ನೇ ಹೆಚ್ಚಾಗಿ ಆಶ್ರಯಿಸಿದರು. ಅದು ತಪಸ್ಸಿಗಾಗಿ, ಬಳಲಿಕೆಯೆಂದು ಅದನ್ನು ಕರೆಯುವುದು ಸಲ್ಲದು. ಆದರೂ ಗೃಹಸ್ಥನಿಗೆ ಅಲ್ಲಿ ಒಂದು ಪಾಠವುಂಟು: ಹೊರುವ ಇನ್ನೊಂದು ಹೆಗಲನ್ನು ಮೊದಲೇ ಸಿದ್ಧಪಡಿಸಿದ್ದರೆ ಕಾರ್ಯವು ಒಬ್ಬನ ಉಸಿರಿಗೆ ಅಂಟಿಕೊಂಡಿರಬೇಕಾಗಿಲ್ಲ.

ಇಲ್ಲಿಗೆ ವಿಚಾರವು ಮುಗಿಯಲಿಲ್ಲ. ವಿಶ್ರಾಂತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಎಲ್ಲರಿಗೂ ಸಮವಾಗಿಲ್ಲ. ಕೂಲಿಗೆ ಮರ ಏರುವವನು ತನ್ನ ಮೇರೆಯನ್ನು ಅರಿತಿದ್ದರೂ ಅರ್ಧ ದಿನದ ಕೂಲಿಯನ್ನು ಕಳೆದುಕೊಳ್ಳಲಾರನು. ಸುಗ್ಗಿಯಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಗೃಹಿಣಿಯು ಬೆಳಗಾದೊಡನೆ ಒಲೆಯ ಮುಂದೆ ನಿಲ್ಲುತ್ತಾಳೆ. ಅವಳ ಪಂಚಾಂಗದಲ್ಲಿ ಅಷ್ಟಮಿಯೂ ಇಲ್ಲ, ಪ್ರತಿಪತ್ತೂ ಇಲ್ಲ. ಕನ್ನಡನಾಡಿನ ಅನೇಕ ಕಡೆ ರೈತನು ಬಸವನ ವಾರವೆಂದು ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಮಾತು ಬಾರದ ಪ್ರಾಣಿಗೆ ಸಂದ ಈ ನ್ಯಾಯವು ಮಾತು ಬಂದರೂ ಆಡದಿರುವವರಿಗೆ ಸಲ್ಲಬೇಡವೆ?

ತನ್ನ ಶಕ್ತಿಯ ಮೇರೆಯನ್ನು ಅರಿಯುವುದು ವಿವೇಕ. ತನ್ನನ್ನು ನಂಬಿ ದುಡಿಯುವವರ ಮೇರೆಯನ್ನು ಅವರು ಹೇಳುವ ಮೊದಲೇ ಅರಿಯುವುದು ಯಜಮಾನನ ಧರ್ಮ. ತಾನು ವಿರಮಿಸಲರಿಯದ ಯಜಮಾನನಿಗೆ ಪರರ ದಣಿವು ಕಾಣುವುದು ಅಪರೂಪ. ಈ ಕಾರಣಕ್ಕಾಗಿಯಾದರೂ ಮನೆಯ ಹಿರಿಯರು ಮೊದಲು ತಮಗೆ ಒಂದು ಅನಧ್ಯಾಯದ ದಿನವನ್ನು ಗೊತ್ತುಮಾಡಿಕೊಂಡು, ಆ ದಿನ ಮನೆಯವರೆಲ್ಲರಿಗೂ ಆಳುಗಳಿಗೂ ಬಿಡುವು ದೊರೆಯುವಂತೆ ನೋಡಿಕೊಳ್ಳುವುದು ಯುಕ್ತ.