ಫರಸಿ ಸೀಮೆಯಲ್ಲಿ ಹವಳದ ತೊಟ್ಟಿ

ಯಾಲಾಲ್, ತಾಂಡೂರಿನ ಮನೆಗಳಿಗೆ ಹಾಸಿದ ಫರಸಿ ಒಂದು ಕಾಲದ ಕಡಲ ತಳ. ಹವಳವೆಂಬ ಜೀವಿ ಹುಟ್ಟುವುದಕ್ಕೆ ಎಷ್ಟೋ ಮೊದಲು, ಆಳವಿಲ್ಲದ ಸಮುದ್ರದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಈ ನೆಲದ ಮೇಲೆ ಉಪ್ಪುನೀರಿನ ತೊಟ್ಟಿ ಇಡುವುದು ಹೊರಗಿನವರಿಗೆ ವಿಚಿತ್ರವಾಗಿ ಕಂಡೀತು, ನನಗಲ್ಲ.

*

ತೊಟ್ಟಿಗೆ ಯಾವ ಫಿಲ್ಟರ್ ಎಂದು ಕೇಳುವ ಮುಂಚೆ ಎಷ್ಟು ಮೀನು ಎಂದು ಕೇಳಿಕೊಳ್ಳಬೇಕು. ಮೀನು ತಿಂದಷ್ಟೂ ಅಮೋನಿಯಾ. ನೂರು ಲೀಟರ್ ನೀರಿಗೆ ಎರಡೇ ಕ್ಲೌನ್ ಮೀನು ಸಾಕೆಂದು ನಿರ್ಧರಿಸಿದವರು ಅರ್ಧ ಫಿಲ್ಟರನ್ನು ದುಡ್ಡು ಕೊಡದೆ ಪಡೆದಿದ್ದಾರೆ.

*

ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಇವೆರಡಕ್ಕೂ ಆಮ್ಲಜನಕ ಬೇಕು, ಆದ್ದರಿಂದ ಕಲ್ಲಿನ ಹೊರಮೈಯಲ್ಲಿ ನೆಲೆಸುತ್ತವೆ. ಮೂರನೆಯ ಬಗೆಯವು ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿ ಇದ್ದುಕೊಂಡು ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಹಾಗಾಗಿ ತೊಟ್ಟಿಯ ಮೊದಲ ಫಿಲ್ಟರ್ ಕಲ್ಲೇ. ಫರಸಿಯೂ ಸುಣ್ಣ, ಹವಳದ ಕಲ್ಲೂ ಸುಣ್ಣ; ಆದರೆ ಫರಸಿ ಒತ್ತಾದ ಕಲ್ಲು, ನೀರನ್ನು ಒಳಗೆ ಬಿಟ್ಟುಕೊಳ್ಳದು. ಪಡಸಾಲೆಯಲ್ಲಿ ಮೆಚ್ಚುವ ಆ ಗುಣವೇ ತೊಟ್ಟಿಯಲ್ಲಿ ಕೊರತೆ.

*

ಇಂಡೊನೇಷ್ಯಾದ ಲೀ ಚಿನ್ ಎಂಗ್ 1961ರಲ್ಲೇ ಬರೆದಿದ್ದರು: ಸಮುದ್ರದಿಂದ ತಂದ ಜೀವಂತ ಕಲ್ಲು, ಸಮುದ್ರದ ನೀರು, ಗಾಳಿಗುಳ್ಳೆ ಇಷ್ಟರಲ್ಲೇ ತೊಟ್ಟಿ ಬದುಕುತ್ತದೆ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಅದಕ್ಕೆ ನೀರಿನ ಬಿರುಸಾದ ಓಟವನ್ನೂ ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರನ್ನೂ ಸೇರಿಸಿದರು. ಅಲ್ಲಿಂದಾಚೆಗೆ ಬಂದ ಯಂತ್ರಗಳು ಬಹಳ. ಆದರೂ ಕಲ್ಲಿನ ಕೆಲಸವನ್ನು ಕಲ್ಲೇ ಮಾಡುತ್ತಿದೆ.

*

ಲೀ ಅವರಂತೆ ಕಡಲಿಗಿಳಿದು ಕಲ್ಲೆತ್ತುವುದು ನಮಗೆ ಸಲ್ಲದು. 2001ರಿಂದ ಬಂಡೆ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ ಮನ್ನಾರ್ ಕೊಲ್ಲಿಯಿಂದಾಗಲಿ ಒಡೆದು ತಂದ ತುಂಡು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ರಂಧ್ರಗಳಿರುವ ಸೆರಾಮಿಕ್ ಕಲ್ಲು ಸಾಕು. ಬ್ಯಾಕ್ಟೀರಿಯಾ ಬೇರೂರಲು ನಾಲ್ಕಾರು ವಾರ ಹಿಡಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ತನಕ ಮೀನು ತರಬಾರದು. ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹ್ಯಾಚರಿಯ ಮೀನು ಸಿಗುವಾಗ ಬಂಡೆಯಿಂದ ಹಿಡಿದ ಮೀನನ್ನು ಕೊಳ್ಳುವುದು ತಪ್ಪು. ಬಂಡೆ ಕಟ್ಟದ ಮೆದು ಹವಳವಾದರೂ ಅದರ ಮೂಲದ ಕಾಗದ ಕೇಳಿಯೇ ಕೊಳ್ಳಬೇಕು.

*

ಸ್ಕಿಮ್ಮರ್ ಒಳ್ಳೆಯ ಯಂತ್ರ. ಅದರ ನುಣ್ಣನೆಯ ಗುಳ್ಳೆಗಳಿಗೆ ನೀರಿನ ಕೊಳೆ ಅಂಟಿ, ನೊರೆಯಾಗಿ ಮೇಲೇರಿ, ಕೊಳೆಯುವ ಮುಂಚೆಯೇ ಬಟ್ಟಲಿಗೆ ಬೀಳುತ್ತದೆ. ಸಿಹಿನೀರಿನಲ್ಲಿ ಅಂಥ ನೊರೆ ನಿಲ್ಲದು. ಎರಡು ಮೀನಿನ ತೊಟ್ಟಿಗೆ ಮಾತ್ರ ಅದು ಕಡ್ಡಾಯವಲ್ಲ. ವಾರಕ್ಕೆ 10 ಲೀಟರ್ ನೀರು ತೆಗೆದು ಹೊಸದು ಹಾಕುವ ರೂಢಿಯಿದ್ದರೆ, ಆ ಬಕೆಟ್ಟೇ ಸ್ಕಿಮ್ಮರಿನ ಬಹುಪಾಲು ಕೆಲಸ ಮಾಡುತ್ತದೆ.

*

ಮುಚ್ಚಿದ ಡಬ್ಬಿಯ ಫಿಲ್ಟರ್ ಆದ ಕ್ಯಾನಿಸ್ಟರ್ ಕೆಟ್ಟದ್ದಲ್ಲ. ತಿಂಗಳುಗಟ್ಟಲೆ ತೆರೆಯದ ಕ್ಯಾನಿಸ್ಟರ್ ಕೆಟ್ಟದ್ದು: ಹಿಡಿದಿಟ್ಟ ಹೊಲಸೆಲ್ಲ ಒಳಗೇ ಕೊಳೆತು ನೈಟ್ರೇಟಾಗಿ ಮರಳುತ್ತದೆ.

*

ಸುಣ್ಣಕಲ್ಲಿನ ಸೀಮೆಯ ಬೋರ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವುದನ್ನು ಹೆಣ್ಣುಮಕ್ಕಳು ದಿನವೂ ಕಾಣುತ್ತಾರೆ. ಹವಳಕ್ಕೂ ಸುಣ್ಣ ಬೇಕಲ್ಲ ಎಂದು ಆ ನೀರನ್ನೇ ಸುರಿದರೆ, ಸುಣ್ಣದ ಜೊತೆಗೆ ಪಾಚಿ ಬೆಳೆಸುವ ನೈಟ್ರೇಟೂ ಸೇರಬಹುದು. ಆರ್‌ಓ ಆದ ಮೇಲೆ ಉಳಿದ ಲವಣ ಹಿಡಿಯುವ ಡಿಐ ರಾಳದ ಮೂಲಕವೂ ಹಾಯಿಸಿ, ಟಿಡಿಎಸ್ ಮೀಟರು ಸೊನ್ನೆ ತೋರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ರೀಫ್ ಉಪ್ಪು ಕರಗಿಸಬೇಕು. ಅಡುಗೆಯ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಶಿಯಂ ಹದವಾಗಿ ಸೇರಿರಬೇಕು. ಸ್ಕಿಮ್ಮರಿಗೆ ಇಟ್ಟ ದುಡ್ಡನ್ನು ಮೊದಲು ಈ ನೀರಿನ ಯಂತ್ರಕ್ಕೆ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

*

ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ; ತೊಟ್ಟಿ 26ರ ಆಸುಪಾಸಿನಲ್ಲಿ ಇರಬೇಕು. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಕೆಲವು ಡಿಗ್ರಿ ಇಳಿಯುತ್ತದೆ, ನೀರೂ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪಲ್ಲ. ಇಳಿದ ಮಟ್ಟವನ್ನು ಉಪ್ಪು ಹಾಕದ ಆರ್‌ಓ-ಡಿಐ ನೀರಿನಿಂದಲೇ ತುಂಬಬೇಕು.

*

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ನಡುಹಗಲು ಕರೆಂಟ್ ಹೋಗಿ ಪಂಪು ನಿಂತರೆ ಮೀನಷ್ಟೇ ಅಲ್ಲ, ಕಲ್ಲಿನ ಮೇಲಿನ ಬ್ಯಾಕ್ಟೀರಿಯಾವೂ ಉಸಿರುಗಟ್ಟುತ್ತದೆ. ಬ್ಯಾಟರಿಯ ಗಾಳಿಪಂಪು ಫಿಲ್ಟರಿನದೇ ಒಂದು ಭಾಗವೆಂದು ತಿಳಿದು, ಮೊದಲ ದಿನವೇ ಅದನ್ನೂ ತರಬೇಕು.

*

ತೆಗೆದ 10 ಲೀಟರ್ ನೀರಿನಲ್ಲಿ 350 ಗ್ರಾಂ ಉಪ್ಪಿರುತ್ತದೆ. ಹಿತ್ತಲ ಗಿಡಕ್ಕೋ ತೊಗರಿ ಹೊಲದ ಬದುವಿಗೋ ಅದನ್ನು ಚೆಲ್ಲಬಾರದು, ಬಚ್ಚಲಿಗೆ ಸುರಿಯಿರಿ. ಆರ್‌ಓ ಬಿಟ್ಟ ನೀರನ್ನು ಮಾತ್ರ ಅಂಗಳ ತೊಳೆಯಲು ಹಿಡಿದಿಡಿ.