ಕಾಯುವ ಕೈ, ಬಿಡುವ ಕೈ

ಮಗನ ಕೋಣೆಯ ಗೋಡೆಯ ಮೇಲೆ ಎರಡು ಕಾರುಗಳ ಚಿತ್ರಗಳಿವೆ. ಎರಡೂ ಜರ್ಮನಿಯ ಪೋರ್ಷೆ ಕಂಪನಿಯವು. ತರಕಾರಿ ತರಲು ಆಟೋ ಹತ್ತುವ ನನಗೆ ಅವುಗಳಿಂದ ಆಗಬೇಕಾದ್ದೇನು ಎಂದುಕೊಂಡಿದ್ದೆ. ಒಂದು ಸಂಜೆ ಅವನೂ ಅವನಕ್ಕನೂ ಯಾವುದು ಹೆಚ್ಚಿನದೆಂದು ವಾದಕ್ಕೆ ನಿಂತಾಗ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಾನೂ ಕಿವಿಗೊಟ್ಟೆ.

ಮಗನ ಪಕ್ಷ 959ರದು. ಆರು ಸಿಲಿಂಡರ್, ಎರಡು ಟರ್ಬೊ, 450 ಅಶ್ವಶಕ್ತಿ. 1986ರ ಪ್ಯಾರಿಸ್-ಡಾಕರ್ ಸ್ಪರ್ಧೆಯಲ್ಲಿ ಮರಳುಗಾಡು ದಾಟಿ ಮೊದಲ ಎರಡು ಸ್ಥಾನ ಗಳಿಸಿದ್ದು ಇದೇ ಮಾದರಿ. ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಎಂದು ಎಲೆಕ್ಟ್ರಾನಿಕ್ ವ್ಯವಸ್ಥೆ ಹಂಚುತ್ತದೆ. ಚಕ್ರ ಜಾರದಂತೆ ಕಾರೇ ಕಾಯುತ್ತಿರುತ್ತದೆ.

ಮಗಳ ಪಕ್ಷ ಕರೇರಾ ಜಿಟಿಯದು. ಹತ್ತು ಸಿಲಿಂಡರ್, 612 ಅಶ್ವಶಕ್ತಿ, ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ. 2003ರಿಂದ 2006ರವರೆಗೆ ತಯಾರಾದದ್ದು 1,270 ಮಾತ್ರ. ತಿರುವಿನಲ್ಲಿ ಕಾರು ಅಡ್ಡ ಜಾರತೊಡಗಿದರೆ ತಾನಾಗಿ ಸರಿಪಡಿಸುವ ವ್ಯವಸ್ಥೆ ಅದರಲ್ಲಿಲ್ಲ. ಓಡಿಸುವವರೇ ಸಂಭಾಳಿಸಬೇಕು. "ಅದು ಓಡಿಸುವವರನ್ನು ನಂಬುತ್ತದೆ" ಎಂದಳು ಮಗಳು, ನನ್ನ ಕಡೆ ನೋಡುತ್ತ.

ಆ ನೋಟದ ಅರ್ಥ ನನಗೆ ತಿಳಿಯದೇ? ಪುಣೆಯಲ್ಲಿ ಅವಳಿಗೆ ಕೆಲಸ ಸಿಕ್ಕಿ ತಿಂಗಳಾಗಿತ್ತು. ನಾನು ಬೇಡವೆನ್ನುತ್ತಲೇ ಇದ್ದೆ.

ಕಾಯುವುದು ಪ್ರೀತಿಯೋ, ನಂಬಿ ಬಿಡುವುದು ಪ್ರೀತಿಯೋ? ಒಂದೇ ಕಂಪನಿಯವರು ಎರಡನ್ನೂ ಮಾಡಿದ್ದಾರೆ. ನಾವು ತಾಯಂದಿರೂ ಹಾಗೆಯೇ ಅಲ್ಲವೇ? ಮಗನನ್ನು ಹದಿನೆಂಟಕ್ಕೇ ಹಾಸ್ಟೆಲಿಗೆ ಕಳಿಸಿದವಳು ನಾನೇ. ಇಪ್ಪತ್ತಮೂರರ ಮಗಳನ್ನು ಬಾಗಿಲಲ್ಲಿ ತಡೆದವಳೂ ನಾನೇ. ಅದಕ್ಕೆ ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದೆ.

ಮಲಗುವ ಮುನ್ನ ಮಗನನ್ನು ಮತ್ತೆ ಕೇಳಿ ಎರಡು ಸಂಗತಿ ತಿಳಿದುಕೊಂಡೆ. ನಂಬಿ ಬಿಡುವ ಕರೇರಾ ಜಿಟಿಯನ್ನೂ ಅದರ ತಯಾರಕರು ಬರಿಗೈಲಿ ಕಳಿಸಿಲ್ಲ. ಸೆರಾಮಿಕ್ಕಿನ ಗಟ್ಟಿ ಬ್ರೇಕು ಕೊಟ್ಟೇ ಕಳಿಸಿದ್ದಾರೆ. ಇನ್ನು ಕಾಯುವ 959ರಲ್ಲಿ ಸ್ಟೀರಿಂಗಿನ ಬಳಿ ಒಂದು ಸಣ್ಣ ಹಿಡಿ ಇದೆಯಂತೆ. ರಸ್ತೆ ಒಣಗಿದೆಯೋ, ಒದ್ದೆಯಿದೆಯೋ, ಹಿಮ ಬಿದ್ದಿದೆಯೋ ಎಂದು ಓಡಿಸುವವರೇ ಅದರಿಂದ ತಿಳಿಸಬೇಕು. ಬಲ ಹಂಚುವ ಕ್ರಮ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ನನಗೆ ನಾಚಿಕೆಯಾಯಿತು. ಒಂದು ಯಂತ್ರ ಕೂಡ ಕಾಯುವ ಮೊದಲು ದಾರಿ ಹೇಗಿದೆಯೆಂದು ಕೇಳುತ್ತದೆ. ನಾನು ಕೇಳಿರಲೇ ಇಲ್ಲ. ಊರು ದೂರ, ಕಾಲ ಕೆಟ್ಟದ್ದು ಎಂದು ನಾನೇ ತೀರ್ಮಾನಿಸಿ, ಅವಳ ಕೈಯಿಂದ ಸ್ಟೀರಿಂಗನ್ನೇ ಕಿತ್ತುಕೊಂಡಿದ್ದೆ. ಕೇಳದೆ ಕಾಯುವುದು ಕಾವಲಾಗುತ್ತದೆ. ಏನನ್ನೂ ಕೊಡದೆ ಬಿಡುವುದು ಕೈಬಿಟ್ಟಂತಾಗುತ್ತದೆ. ಇವೆರಡರ ನಡುವೆಯೇ ತಾಯ್ತನದ ದಾರಿ ಇರಬೇಕು.

ಮಗಳ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಹೋಗಿ ಮಂಚದ ತುದಿಯಲ್ಲಿ ಕೂತೆ. "ಪುಣೆಯಲ್ಲಿ ಎಲ್ಲಿರುತ್ತೀಯ, ಯಾರ ಜೊತೆ, ಕೆಲಸ ಎಂಥದು? ಮೊದಲಿನಿಂದ ಹೇಳು" ಎಂದೆ.

ಅವಳು ಪುಸ್ತಕ ಮುಚ್ಚಿಟ್ಟು ಹೇಳತೊಡಗಿದಳು. ಹನ್ನೆರಡು ಹೊಡೆದದ್ದು ಇಬ್ಬರಿಗೂ ತಿಳಿಯಲಿಲ್ಲ.